ಉಭಯ ಕುಶಲೋಪರಿ



ಶ್ರೀರಂಗಪಟ್ಟಣದ ಕೋಟೆಯಿಂದ ಸಂಗಮದ ಕಡೆ ಹೊರಟರೆ ಮೊದಲು ದರಿಯಾ ದೌಲತ್ ಸಿಗುತ್ತದೆ, ಆಮೇಲೆ ಗಂಜಾಂ, ಅದನ್ನು ದಾಟಿದರೆ ಗುಂಬಜ್. ಗಂಜಾಂನಲ್ಲಿ ಇಳಿಯುವವರು ಹೆಚ್ಚಾಗಿ ನಿಮಿಷಾಂಬಾ ದೇವಿಯ ದರ್ಶನಕ್ಕೆ ಬಂದವರು. ಅದೇ ಊರಿನಲ್ಲಿ ಇನ್ನೂರು ವರ್ಷ ದಾಟಿದ ಒಂದು ಚರ್ಚ್ ಇದೆ. ಅದನ್ನು ನೋಡಲೆಂದೇ ಬರುವವರು ಕಡಿಮೆ. ಅಬ್ಬೆ ದುಬ್ವಾ ಎಂಬ ಫ್ರಾನ್ಸಿನ ಪಾದ್ರಿಯ ಹೆಸರು ಅದಕ್ಕೆ ಅಂಟಿಕೊಂಡಿದೆ. ಇವತ್ತು ನಾನು ಮಾತಾಡಬೇಕೆಂದಿರುವುದು ಎರಡು ಸಾವಿರ ವರ್ಷದ ಹಿಂದಿನ ಸಂತ ಪೌಲನ ಬಗ್ಗೆ. ಗಂಜಾಂ ದಾರಿ ಹಿಡಿದು ಹೋದರೆ ಅವನು ನಮಗೆ ಬೇಗ ಸಿಗುತ್ತಾನೆ ಅಂತ ಇಲ್ಲಿಂದ ಶುರುಮಾಡಿದೆ.

ದುಬ್ವಾ 1792ರಲ್ಲಿ ಭಾರತಕ್ಕೆ ಹೊರಟವರು. 1799ರ ಮೇ 4ರಂದು ಟಿಪ್ಪು ಸುಲ್ತಾನ್ ಮಡಿದು ಕೋಟೆ ಇಂಗ್ಲಿಷರ ವಶವಾದ ಮೇಲೆ ಅವರನ್ನು ಇಲ್ಲಿಗೆ ಕರೆಸಿಕೊಂಡರು. ಅದಕ್ಕೆ ಕಾರಣವಿತ್ತು. 1784ರಲ್ಲಿ ಕೆನರಾ ಕರಾವಳಿಯ ಕ್ರೈಸ್ತರನ್ನು, ಇಂಗ್ಲಿಷರಿಗೆ ನೆರವಾದರೆಂಬ ಆರೋಪ ಹೊರಿಸಿ, ಸೆರೆಹಿಡಿದು, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಬಂದಿದ್ದರು. ದಾರಿಯಲ್ಲೇ ಸತ್ತವರು ಬಹಳ. ಬದುಕಿ ಬಂದವರಲ್ಲಿ ಅನೇಕರಿಗೆ ಬಲವಂತದ ಸುನ್ನತಿಯಾಯಿತು. ಹದಿನೈದು ವರ್ಷ ಕಳೆದು ಕೋಟೆ ಬಿದ್ದಾಗ ಹಲವರು ಕರಾವಳಿಗೆ ಮರಳಿದರು, ಕೆಲವರು ಇಲ್ಲೇ ಉಳಿದರು. ಚದುರಿಹೋಗಿದ್ದ ಆ ಜನರನ್ನು ಮತ್ತೆ ಕೂಡಿಸುವ ಕೆಲಸ ದುಬ್ವಾ ಅವರ ಪಾಲಿಗೆ ಬಂತು. ಅವರು ಈ ನಾಡಿನವರಂತೆ ಉಟ್ಟು, ಈ ನಾಡಿನವರಂತೆ ಉಂಡು ಇಲ್ಲಿ ಬಾಳಿದರು. ಜನ ಅವರನ್ನು ದೊಡ್ಡಸ್ವಾಮಿಯವರು ಅಂತ ಕರೆಯುತ್ತಿದ್ದರು. 1803-04ರಲ್ಲಿ 25,432 ಜನರಿಗೆ ಸಿಡುಬಿನ ಚುಚ್ಚುಮದ್ದು ಹಾಕಿಸಿದ ಲೆಕ್ಕ ಅವರ ಹೆಸರಿನಲ್ಲಿದೆ.

ಸುನ್ನತಿ ಅಂದೆನಲ್ಲ, ಆ ಮಾತಿನ ಹತ್ತಿರ ಸ್ವಲ್ಪ ನಿಲ್ಲೋಣ. ಅರಬ್ಬಿಯಿಂದ ಹೊರಟು ಉರ್ದು ಆಡುವವರ ಬಾಯಿಂದ ಕನ್ನಡಕ್ಕೆ ಬಂದ ಮಾತು ಅದು. ಕನ್ನಡ ಬೈಬಲಿನಲ್ಲಿ ಪೌಲನ ಪತ್ರಗಳನ್ನು ತೆರೆದರೆ ಮತ್ತೆ ಮತ್ತೆ ಎದುರಾಗುವುದೂ ಅದೇ. ಯೆಹೂದ್ಯರ ಸಂಸ್ಕಾರವೊಂದನ್ನು ಕನ್ನಡದಲ್ಲಿ ಹೇಳಬೇಕಾಗಿ ಬಂದಾಗ, ಬೈಬಲನ್ನು ಕನ್ನಡಕ್ಕೆ ತಂದವರಿಗೆ ನೆರೆಮನೆಯ ಮುಸಲ್ಮಾನರ ಮಾತೇ ಕೈಗೆ ಒದಗಿತು. ಶ್ರೀರಂಗಪಟ್ಟಣದ ಸೀಮೆಯಲ್ಲಿ ಆ ಮಾತಿಗೆ ಇನ್ನೊಂದು ನೆನಪೂ ಅಂಟಿದೆ. ಹೊಸ ನಂಬಿಕೆ ಹಿಡಿದವನ ಮೈಮೇಲೆ ಗುರುತು ಬೀಳಲೇಬೇಕೇ? ಅವನು ತನ್ನ ಹುಟ್ಟು, ಊಟ, ನೆಂಟಸ್ತನ ಬಿಟ್ಟು ಬೇರೊಂದು ಜನವಾಗಬೇಕೇ? ಪೌಲ ತನ್ನ ಅರ್ಧ ಆಯುಷ್ಯವನ್ನು ಈ ಒಂದು ಪ್ರಶ್ನೆಗೆ ಸುರಿದ.

ಅವನು ಯಾರು ಅಂತ ಮೊದಲು ಹೇಳಿಬಿಡುತ್ತೇನೆ. ಹುಟ್ಟಿದ್ದು ಇಂದಿನ ತುರ್ಕಿಯಲ್ಲಿರುವ ತಾರ್ಸ ಪಟ್ಟಣದಲ್ಲಿ. ಬೆನ್ಯಾಮೀನನ ಕುಲ. ಹುಟ್ಟಿದ ಎಂಟನೆಯ ದಿನಕ್ಕೆ ಸುನ್ನತಿಯಾದವನು. ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಫರಿಸಾಯರ ಪಂಗಡಕ್ಕೆ ಸೇರಿದವನು. ಗುಡಾರ ಹೊಲಿಯುವುದು ಕಸುಬು. ಯೇಸುವಿನ ಹಿಂಬಾಲಕರನ್ನು ಹುಡುಕಿ ಹಿಂಸಿಸುತ್ತಿದ್ದವನು ದಮಸ್ಕದ ದಾರಿಯಲ್ಲಿ ತಿರುಗಿ, ಅದೇ ಯೇಸುವಿನ ಮಾತು ಸಾರುವವನಾದ. ಇಷ್ಟು ಕಥೆ ಹಲವರಿಗೆ ಗೊತ್ತು. ಸೌಲನೆಂಬ ಯೆಹೂದ್ಯ ಅಂದು ಸತ್ತ, ಪೌಲನೆಂಬ ಕ್ರೈಸ್ತ ಹುಟ್ಟಿದ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ನಾನೂ ಬಹಳ ಕಾಲ ಹಾಗೇ ತಿಳಿದಿದ್ದೆ. ಅದು ತಪ್ಪು.

ಒಂದೇ ಕಾಲಕ್ಕೆ ಎರಡು ಹೆಸರಿರುವುದು ಪಾಂಡವಪುರದವರಿಗೆ ಸುಲಭವಾಗಿ ಅರ್ಥವಾಗುತ್ತದೆ. ಆ ಊರಿನ ಹಳೆಯ ಹೆಸರು ಹಿರೋಡೆ. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸಿಪಾಯಿಗಳು ಅಲ್ಲಿ ಬೀಡುಬಿಟ್ಟಿದ್ದರಿಂದ ಇಂಗ್ಲಿಷರ ಕಾಗದಪತ್ರಗಳಲ್ಲಿ ಫ್ರೆಂಚ್ ರಾಕ್ಸ್ ಆಯಿತು. ಹಳ್ಳಿಯವರಿಗೆ ಹಿರೋಡೆ, ದಫ್ತರಕ್ಕೆ ಫ್ರೆಂಚ್ ರಾಕ್ಸ್, ಎರಡೂ ಒಂದೇ ಕಾಲಕ್ಕೆ. ಪೌಲನದೂ ಹಾಗೆಯೇ. ಮನೆಯಲ್ಲಿ, ಪ್ರಾರ್ಥನಾ ಮಂದಿರದಲ್ಲಿ ಸೌಲ. ರೋಮ್ ಸಾಮ್ರಾಜ್ಯದ ಪೇಟೆಬೀದಿಯಲ್ಲಿ ಪೌಲ. ಹೆಸರು ಬದಲಾಗಿದ್ದು ದಮಸ್ಕದಲ್ಲಲ್ಲ. ಹೊಸ ಒಡಂಬಡಿಕೆಯ ಅಪೊಸ್ತಲರ ಕೃತ್ಯಗಳಲ್ಲಿ ದಮಸ್ಕ ಕಳೆದು ಎಷ್ಟೋ ಅಧ್ಯಾಯ ಅವನು ಸೌಲನಾಗಿಯೇ ಓಡಾಡುತ್ತಾನೆ. ಪೌಲ ಎಂಬ ಹೆಸರು ಬರುವುದು ಹದಿಮೂರನೆಯ ಅಧ್ಯಾಯದಲ್ಲಿ, ಅದೂ ಇವನನ್ನು ಹೀಗೂ ಕರೆಯುತ್ತಿದ್ದರೆಂಬ ಧಾಟಿಯಲ್ಲಿ.

ಇನ್ನೊಂದು ಸಂಗತಿ. ಪೌಲನ ಹೆಸರಿನಲ್ಲಿ ಹದಿಮೂರು ಪತ್ರಗಳಿವೆ. ಅವುಗಳಲ್ಲಿ ಏಳು ಅವನವೇ ಎಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿಲ್ಲ. ಹದಿಮೂರನ್ನೂ ಜಾಲಾಡಿದರೂ ಕ್ರೈಸ್ತ ಎಂಬ ಪದ ಒಂದು ಸಲವೂ ಸಿಗುವುದಿಲ್ಲ. ಅವನು ತನ್ನನ್ನು ಹಾಗೆ ಕರೆದುಕೊಳ್ಳಲಿಲ್ಲ. ಇಸ್ರಾಯೇಲಿನವನು, ಅಬ್ರಹಾಮನ ವಂಶದವನು ಅಂತಲೇ ಹೇಳಿಕೊಂಡ. ತಾನು ಅನುಭವಿಸಿದ ಕಷ್ಟಗಳನ್ನು ಎಣಿಸುವಾಗ, ಯೆಹೂದ್ಯರಿಂದ ಐದು ಸಲ ಮೂವತ್ತೊಂಬತ್ತು ಏಟು ತಿಂದೆ ಎನ್ನುತ್ತಾನೆ. ಆ ಶಿಕ್ಷೆ ವಿಧಿಸುತ್ತಿದ್ದುದು ಅವರ ಪ್ರಾರ್ಥನಾ ಮಂದಿರದ ಪಂಚಾಯಿತಿ, ತನ್ನವರಿಗೆ ಮಾತ್ರ. ನಾನು ನಿಮ್ಮವನಲ್ಲ ಅಂದು ಎದ್ದುಹೋಗಿದ್ದರೆ ಏಟು ತಪ್ಪುತ್ತಿತ್ತು. ಐದು ಸಲವೂ ಬೆನ್ನು ಕೊಟ್ಟ. ನನಗೆ ಅವನ ಯೆಹೂದ್ಯತನಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಪಶ್ಚಿಮದ ವಿದ್ವಾಂಸರೇ ಇದನ್ನು ಸರಿಯಾಗಿ ಗಮನಿಸಲು ಬಹಳ ಕಾಲ ಬೇಕಾಯಿತು. 1977ರಲ್ಲಿ ಇ.ಪಿ. ಸ್ಯಾಂಡರ್ಸ್ ಪೌಲನನ್ನೂ ಅವನ ಕಾಲದ ಯೆಹೂದ್ಯ ಗ್ರಂಥಗಳನ್ನೂ ಪಕ್ಕಪಕ್ಕ ಇಟ್ಟು ಓದಿ ಬರೆದ ಮೇಲೆ ಮಾತು ಬದಲಾಗತೊಡಗಿತು.

ಹಾಗಾದರೆ ಇಂಥವನು, ಹೊಸದಾಗಿ ನಂಬಿ ಬಂದ ಗ್ರೀಕರಿಗೆ, ಗಲಾತ್ಯದವರಿಗೆ ಸುನ್ನತಿ ಬೇಡವೆಂದು ಯಾಕೆ ಹಟ ಹಿಡಿದ? ತನ್ನ ಧರ್ಮ ಹಗುರವಾಗಿ ಕಂಡಿತೇ? ನಾನು ಓದಿಕೊಂಡಿರುವುದು ಹೀಗೆ. ಲೋಕದ ಎಲ್ಲ ಜನಾಂಗಗಳೂ ಒಂದು ದಿನ ಇಸ್ರಾಯೇಲಿನ ದೇವರ ಬಳಿ ಬರುತ್ತವೆ ಅಂತ ಯೆಶಾಯನಂಥ ಹಳೆಯ ಪ್ರವಾದಿಗಳು ಸಾರಿದ್ದರು. ಜನಾಂಗಗಳು ಬರುವುದೆಂದರೆ ಜನಾಂಗಗಳಾಗಿಯೇ ಬರಬೇಕು. ಬಂದವರೆಲ್ಲ ಮೊದಲು ಯೆಹೂದ್ಯರಾಗಬೇಕೆಂದರೆ ಆ ದೇವರು ಯೆಹೂದ್ಯರಿಗೆ ಮಾತ್ರ ದೇವರಾಗಿ ಉಳಿದಂತಾಯಿತು. ದೇವರು ಒಬ್ಬನೇ ಎನ್ನುವುದು ಯೆಹೂದ್ಯ ದಿನಕ್ಕೆರಡು ಬಾರಿ ಪಠಿಸುವ ಮಾತು. ಆ ಮಾತನ್ನು ಅಕ್ಷರಶಃ ನಂಬಿದ್ದರಿಂದಲೇ ಪೌಲ ಗ್ರೀಕನನ್ನು ಗ್ರೀಕನಾಗಿಯೇ ಬರಲು ಬಿಟ್ಟ. ತಾಯಿ ಯೆಹೂದ್ಯಳಾಗಿದ್ದ ತಿಮೊಥೆಯನಿಗೆ ತಾನೇ ಸುನ್ನತಿ ಮಾಡಿಸಿದ ಅಂತ ಅಪೊಸ್ತಲರ ಕೃತ್ಯಗಳು ಹೇಳುತ್ತವೆ. ಗ್ರೀಕನಾದ ತೀತನಿಗೆ, ಜೆರುಸಲೇಮಿನಲ್ಲಿ ಒತ್ತಾಯ ಬಂದರೂ, ಮಾಡಿಸಲಿಲ್ಲ. ಎರಡು ನಾಲಿಗೆಯವನೆಂದು ಬೈಯುವವರಿದ್ದಾರೆ. ನನಗೆ ಎರಡರಲ್ಲೂ ಒಂದೇ ನಿಲುವು ಕಾಣುತ್ತದೆ.

ಇನ್ನು ಪತ್ರಗಳ ವಿಷಯ. ಕೆ.ಆರ್. ಪೇಟೆಯಲ್ಲಿ ಮೇಷ್ಟ್ರಾಗಿದ್ದಾಗ ಜೊತೆಯ ಮೇಷ್ಟ್ರೊಬ್ಬರು ನನಗೆ ಹಳೆಯ ಸತ್ಯವೇದದ ಪ್ರತಿಯೊಂದನ್ನು ಓದಲು ಕೊಟ್ಟರು. ಅದರಲ್ಲಿ ರೋಮಾಪುರದವರಿಗೆ ಬರೆದ ಪತ್ರಿಕೆ, ಕೊರಿಂಥದವರಿಗೆ ಬರೆದ ಪತ್ರಿಕೆ ಅಂತ ತಲೆಬರಹಗಳು. ಪತ್ರಿಕೆ ಎಂದರೆ ಸುದ್ದಿಯ ಕಾಗದ ಅಂತ ರೂಢಿಯಾದ ನನಗೆ ಮೊದಲು ಗಲಿಬಿಲಿ. ಓದುತ್ತಾ ಹೋದಂತೆ, ಅರೆ, ಇದು ನಾನು ಬರೆದಂಥದ್ದೇ ಕಾಗದ ಅನ್ನಿಸಿತು.

ಚಿಕ್ಕಂದಿನಲ್ಲಿ ನಮ್ಮ ಹಳ್ಳಿಯಲ್ಲಿ ನಮ್ಮ ದೊಡ್ಡವ್ವನಿಗೆ ಕಾಗದ ಬರೆದುಕೊಡುತ್ತಿದ್ದವನು ನಾನು. ಅವರ ಮಗ ಭದ್ರಾವತಿಯಲ್ಲಿ ಕೆಲಸದಲ್ಲಿದ್ದ. ನೀಲಿ ಇನ್‌ಲ್ಯಾಂಡ್ ಕಾಗದ ಜಗಲಿಯ ಮೇಲೆ ಹರಡಿಕೊಂಡು ಕೂತರೆ, ದೊಡ್ಡವ್ವ ಅವರೆಕಾಯಿ ಬಿಡಿಸುತ್ತಾ ಹೇಳುತ್ತಿದ್ದರು. ಮೊದಲು, ಮಾಮೂಲಿನಂತೆ, ಉಭಯ ಕುಶಲೋಪರಿ ಸಾಂಪ್ರತ. ಆಮೇಲೆ ಹೊಳೆ ಬಂದಂತೆ ಮಾತು. “ಮದುವೆಗೆ ನಮ್ಮ ಕಡೆಯಿಂದ ಯಾರೂ ಹೋಗ್ಲಿಲ್ಲ ಅಂತ ಬರಿ. ತಡಿ ತಡಿ, ಚಿಕ್ಕಣ್ಣ ಹೋಗಿದ್ದ. ಅವನ ಹೆಂಡ್ತೀನೂ ಹೋಗಿದ್ಲು ಅನ್ಸುತ್ತೆ. ಇನ್ಯಾರು ಹೋಗಿದ್ರೋ ನಂಗೆ ಗ್ಯಾನ ಇಲ್ಲ, ಬರಿ ಮಗ.” ನಾನು ಹೊಡೆದುಹಾಕದೆ ಹೇಳಿದ್ದನ್ನೆಲ್ಲ ಹಾಗೇ ಬರೆಯುತ್ತಿದ್ದೆ.

ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಆರಂಭದಲ್ಲೇ ಇಂಥದ್ದೊಂದು ಜಾಗ ಇದೆ. ಆ ಊರಿನ ವಿಶ್ವಾಸಿಗಳು ನಾನು ಇಂಥವರಿಂದ ದೀಕ್ಷಾಸ್ನಾನ ಪಡೆದವನು, ನಾನು ಅಂಥವರ ಕಡೆಯವನು ಅಂತ ಗುಂಪು ಕಟ್ಟಿಕೊಂಡಿದ್ದರು. ಪೌಲನಿಗೆ ಸಿಟ್ಟು. ಸದ್ಯ, ನಿಮ್ಮಲ್ಲಿ ಇಬ್ಬರನ್ನು ಬಿಟ್ಟರೆ ನಾನು ಯಾರಿಗೂ ದೀಕ್ಷಾಸ್ನಾನ ಮಾಡಿಸಲಿಲ್ಲ ಎನ್ನುತ್ತಾನೆ. ಮರುಕ್ಷಣ ನೆನಪಾಗಿ, ಸ್ತೆಫನನ ಮನೆಯವರಿಗೂ ಮಾಡಿಸಿದ್ದೆ ಅಂತ ಸೇರಿಸುತ್ತಾನೆ. ಅವರಲ್ಲದೆ ಇನ್ನು ಯಾರಿಗಾದರೂ ಮಾಡಿಸಿದೆನೋ ತಿಳಿಯದು ಅಂತ ಕೈಬಿಡುತ್ತಾನೆ. ಬರೆದುಕೊಳ್ಳುತ್ತಿದ್ದವನು ಅದನ್ನು ಹೊಡೆದುಹಾಕಲಿಲ್ಲ. ಇಪ್ಪತ್ತು ಶತಮಾನ ಅದು ಧರ್ಮಗ್ರಂಥದೊಳಗೆ ಹಾಗೇ ಉಳಿದಿದೆ. ಅದನ್ನು ಓದಿದ ದಿನ ನನಗೆ ದೊಡ್ಡವ್ವನ ದನಿಯೇ ಕೇಳಿಸಿತು.

ಪೌಲ ಹೇಳಿ ಬರೆಸುತ್ತಿದ್ದ. ರೋಮಾಪುರದವರಿಗೆ ಪತ್ರ ಬರೆದುಕೊಂಡ ತೆರ್ತ್ಯ ಕೊನೆಯಲ್ಲಿ ತನ್ನದೂ ಒಂದು ವಂದನೆ ಸೇರಿಸಿಕೊಂಡಿದ್ದಾನೆ. ಗಲಾತ್ಯದವರಿಗೆ ಬರೆಸಿದ ಪತ್ರದ ಕೊನೆಗೆ ಪೌಲ ತಾನೇ ಲೇಖನಿ ತೆಗೆದುಕೊಂಡು, ನನ್ನ ಕೈಬರಹದ ಅಕ್ಷರ ಎಷ್ಟು ದೊಡ್ಡದು ನೋಡಿ ಎಂಬಂತೆ ನಾಲ್ಕು ಸಾಲು ಬರೆಯುತ್ತಾನೆ. ನಮ್ಮ ದೊಡ್ಡವ್ವ ವಯಸ್ಕರ ಶಿಕ್ಷಣದಲ್ಲಿ ಹೆಸರು ಬರೆಯಲು ಕಲಿತ ಮೇಲೆ, ಕಾಗದದ ಅಡಿಯಲ್ಲಿ ಅಂಗೈಯಗಲದ ಜಾಗ ಬಿಡಿಸಿಕೊಂಡು, ಒಂದೊಂದು ಅಕ್ಷರವನ್ನೂ ಹುರುಳಿಕಾಳು ಎಣಿಸಿದಂತೆ ಬರೆಯುತ್ತಿದ್ದರು.

ಪೌಲನ ಪತ್ರಗಳಲ್ಲೂ ಕುಶಲೋಪರಿ ಉಂಟು. ಗ್ರೀಕರು ಕಾಗದದ ತಲೆಯಲ್ಲಿ ಬರೆಯುತ್ತಿದ್ದ ನಮಸ್ಕಾರದ ಮಾತನ್ನು ಒಂದಿಷ್ಟು ತಿರುಗಿಸಿ ಕೃಪೆ ಎಂದು ಮಾಡಿ, ಅದರ ಪಕ್ಕಕ್ಕೆ ಯೆಹೂದ್ಯರು ಎದುರಾದಾಗ ಹೇಳುವ ಶಾಂತಿಯನ್ನು ಇಟ್ಟ. ಒಂದೇ ಸಾಲಿನಲ್ಲಿ ಎರಡೂ ಕಡೆಯವರಿಗೂ ನಮಸ್ಕಾರ. ಆಮೇಲೆ ಪತ್ರ ತಲುಪಿದವರ ಬಗ್ಗೆ ದೇವರಿಗೆ ಕೃತಜ್ಞತೆ. ಗಲಾತ್ಯದ ಪತ್ರದಲ್ಲಿ ಆ ಕೃತಜ್ಞತೆಯೇ ಇಲ್ಲ. ಅವನ ಬೆನ್ನ ಹಿಂದೆ ಯಾರೋ ಬಂದು ಸುನ್ನತಿಯಿಲ್ಲದೆ ನಿಮ್ಮ ನಂಬಿಕೆ ಅರೆಬರೆ ಎಂದು ಹೆದರಿಸಿದ್ದರು. ವಂದನೆ ಮುಗಿದದ್ದೇ ತಡ, ನೇರ ಬೈಗುಳಕ್ಕೆ ಇಳಿಯುತ್ತಾನೆ. ಮಗನ ಮೇಲೆ ಕೋಪ ಬಂದ ತಾಯಿ ಕ್ಷೇಮಸಮಾಚಾರ ಕೇಳದೆ ಬರೆಸಿದ ಕಾಗದ ಅದು.

ಆ ಪತ್ರದಲ್ಲೇ ಅಂತಿಯೋಕ್ಯದ ಊಟದ ಪ್ರಸಂಗ ಬರುತ್ತದೆ. ಯೇಸುವಿನ ಮುಖ್ಯ ಶಿಷ್ಯ ಪೇತ್ರ ಆ ಊರಿನಲ್ಲಿ ಅನ್ಯಜನರ, ಅಂದರೆ ಯೆಹೂದ್ಯರಲ್ಲದವರ, ಜೊತೆ ಕೂತು ಉಣ್ಣುತ್ತಿದ್ದ. ಜೆರುಸಲೇಮಿನಿಂದ ಕೆಲವರು ಬಂದರು. ಅವರನ್ನು ಕಂಡು ಅಂಜಿ ಪೇತ್ರ ಪಂಕ್ತಿಯಿಂದ ಮೆಲ್ಲನೆ ಎದ್ದ. ಉಳಿದ ಯೆಹೂದ್ಯರೂ ಎದ್ದರು. ಪೌಲ ಎಲ್ಲರ ಎದುರಿಗೇ ಪೇತ್ರನನ್ನು ತರಾಟೆಗೆ ತೆಗೆದುಕೊಂಡ. ಪಂಕ್ತಿಭೇದ ಎಂದರೇನು ಅಂತ ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಯಾರು ಯಾರ ಪಕ್ಕ ಎಲೆ ಹಾಕಿಸಿಕೊಂಡರು, ಯಾರು ಎದ್ದರು ಎನ್ನುವುದರಲ್ಲೇ ಎಲ್ಲ ಇರುತ್ತದೆ ಎಂಬುದು ಅವನಿಗೂ ಗೊತ್ತಿತ್ತು. ಕೊರಿಂಥದಲ್ಲಿ ಇನ್ನೊಂದು ಬಗೆ. ಪ್ರಭುವಿನ ಭೋಜನಕ್ಕೆ ಸೇರಿದಾಗ ಉಳ್ಳವರು ಮೊದಲೇ ಉಂಡು ಕುಡಿದು ಮುಗಿಸುತ್ತಿದ್ದರು, ಇಲ್ಲದವರು ಹಸಿದೇ ಇರುತ್ತಿದ್ದರು. ಅದಕ್ಕೂ ಅವನು ಕೆರಳುತ್ತಾನೆ. ವಿಗ್ರಹಕ್ಕೆ ಒಪ್ಪಿಸಿದ ಮಾಂಸ ತಿನ್ನಬಹುದೇ ಎಂಬ ಪ್ರಶ್ನೆ ಬಂದಾಗ ಮಾತ್ರ ತಾಳ್ಮೆಯಿಂದ ಉತ್ತರ ಹೇಳುತ್ತಾನೆ. ಪೇಟೆಯಲ್ಲಿ ಕೊಂಡದ್ದನ್ನು ವಿಚಾರಣೆ ಮಾಡದೆ ತಿನ್ನಿ. ಎಲೆಯ ಮುಂದೆ ಕೂತಾಗ ಯಾರಾದರೂ ಇದು ಒಪ್ಪಿಸಿದ್ದು ಅಂದರೆ, ಹಾಗೆ ಹೇಳಿದವನ ಮನಸ್ಸಿಗೋಸ್ಕರ ಬಿಡಿ. ಮಾರಿಹಬ್ಬದ ಬಾಡೂಟಕ್ಕೆ ನೆರೆಯವರು ಕರೆದಾಗ ನಮ್ಮ ಹಳ್ಳಿಗಳ ಕ್ರೈಸ್ತ ಮನೆಗಳಲ್ಲಿ ಇಂದಿಗೂ ಏಳಬಹುದಾದ ಪ್ರಶ್ನೆಯಿದು.

ಊಟದ ಪಂಕ್ತಿಯಂತೆ ದೇವಾಲಯದ ಬಾಗಿಲಲ್ಲೂ ಇದೇ ಪ್ರಶ್ನೆ. ಮೇಲುಕೋಟೆ ಪಾಂಡವಪುರ ತಾಲ್ಲೂಕಿನಲ್ಲೇ ಇದೆ. ರಾಮಾನುಜಾಚಾರ್ಯರು ಅಲ್ಲಿನ ದೇವಾಲಯಕ್ಕೆ ತಿರುಕುಲದವರು, ಅಂದರೆ ಅಸ್ಪೃಶ್ಯರೆನಿಸಿಕೊಂಡವರು, ವರ್ಷದಲ್ಲಿ ಮೂರು ದಿನ ಬರಬಹುದೆಂದು ಏರ್ಪಾಡು ಮಾಡಿದರೆಂಬ ಐತಿಹ್ಯ ಹಿಂದಿನಿಂದ ಬಂದಿದೆ. ಬಾಗಿಲು ತೆರೆದ ಹಿರಿಮೆ ಅದರಲ್ಲಿದೆ. ಉಳಿದ ದಿನಗಳ ಮುಚ್ಚಿದ ಬಾಗಿಲೂ ಅದರಲ್ಲೇ ಇದೆ. ಜೆರುಸಲೇಮಿನ ಮಹಾದೇವಾಲಯದಲ್ಲಿ ಹೊರಪ್ರಾಕಾರದವರೆಗೆ ಯಾರು ಬೇಕಾದರೂ ಬರಬಹುದಿತ್ತು. ಅಲ್ಲೊಂದು ಕಟಕಟೆ, ಅದರ ಮೇಲೆ ಕಲ್ಲಿನ ಬರಹ: ಅನ್ಯಜನ ಇದನ್ನು ದಾಟಿದರೆ ಸಾವಿಗೆ ಅವನೇ ಹೊಣೆ ಎಂಬ ಅರ್ಥದ್ದು. ಆ ಗ್ರೀಕ್ ಶಿಲಾಶಾಸನ 1871ರಲ್ಲಿ ಸಿಕ್ಕಿತು, ಈಗ ಇಸ್ತಾಂಬುಲ್‌ನಲ್ಲಿದೆ. ಎಫೆಸದ ತ್ರೊಫಿಮ ಎಂಬ ಗ್ರೀಕನನ್ನು ಪೌಲ ಆ ಕಟಕಟೆ ದಾಟಿಸಿ ಒಳಗೆ ತಂದನೆಂಬ ಪುಕಾರು ಎದ್ದೇ ಜನ ಅವನ ಮೇಲೆ ಬಿದ್ದರು. ಅವನು ನಿಜವಾಗಿ ದಾಟಿಸಿರಲಿಲ್ಲ. ಅಂದು ಅವನು ಅಲ್ಲಿಗೆ ಹೋಗಿದ್ದದ್ದೇ ಯೆಹೂದ್ಯ ಪದ್ಧತಿಯಂತೆ ಶುದ್ಧೀಕರಣದ ವಿಧಿ ಮುಗಿಸಲು. ಜೊತೆಗೆ ಗ್ರೀಕ್ ಊರುಗಳಲ್ಲಿ ಕೂಡಿಸಿದ್ದ ಹಣವನ್ನು ಜೆರುಸಲೇಮಿನ ಬಡವರಿಗೆ ಮುಟ್ಟಿಸುವ ಕೆಲಸವೂ ಇತ್ತು. ಆ ದಿನ ಸೆರೆಯಾದವನು ಕೊನೆಗೆ ರೋಮಿಗೆ ಹೋದದ್ದೂ ಕೈದಿಯಾಗಿಯೇ.

ಕೆ.ಆರ್. ಪೇಟೆ ಕಡೆಯ ತೋಟವೊಂದರಲ್ಲಿ ಮಾವಿನ ಕಸಿ ಕಟ್ಟುವುದನ್ನು ನಾನು ಹತ್ತಿರ ಕೂತು ನೋಡಿದ್ದೇನೆ. ನಾಟಿ ಮಾವಿನ ಓಟೆ ನೆಟ್ಟು, ಸಸಿ ಪೆನ್ಸಿಲ್ ದಪ್ಪಕ್ಕೆ ಬಂದ ಮೇಲೆ ಅದರ ತಲೆ ಕತ್ತರಿಸಿ, ನಡುವೆ ಸೀಳಿ, ರಸಪುರಿಯದೋ ಬಾದಾಮಿಯದೋ ಕುಡಿಯನ್ನು ಬೆಣೆಯಂತೆ ಹೆರೆದು ಸಿಕ್ಕಿಸುತ್ತಾರೆ. ಸೀಳಿದ ಜಾಗಕ್ಕೆ ಗಾಳಿ ನೀರು ಹೋಗದಂತೆ ಪ್ಲಾಸ್ಟಿಕ್ ಪಟ್ಟಿ ಬಿಗಿಯಾಗಿ ಸುತ್ತುತ್ತಾರೆ. ಬೇರು ನಾಟಿಯದು, ಹಣ್ಣು ಜಾತಿಮಾವಿನದು. ರೋಮಾಪುರದವರ ಪತ್ರದಲ್ಲಿ ಪೌಲ ಕಸಿಯ ಹೋಲಿಕೆ ಕೊಡುತ್ತಾನೆ. ಅವನದು ಎಣ್ಣೆಮರ, ಅಂದರೆ ಓಲಿವ್. ಆದರೆ ಅವನು ತಿರುವುಮುರುವು ಮಾಡಿದ್ದಾನೆ. ತೋಟದ ಮರದ ಬೇರಿಗೆ ಕಾಡುಮರದ ಕುಡಿ ಕಟ್ಟುತ್ತಾನೆ. ರೈತರು ಸಾಮಾನ್ಯವಾಗಿ ಹಾಗೆ ಮಾಡುವುದಿಲ್ಲ. ಇದು ಸೃಷ್ಟಿಕ್ರಮಕ್ಕೆ ವಿರುದ್ಧ ಅಂತ ಅವನೇ ಒಪ್ಪುತ್ತಾನೆ. ತೋಟದ ಮರ ಇಸ್ರಾಯೇಲು. ಕಾಡಿನ ಕುಡಿ ಹೊರಗಿನಿಂದ ಬಂದ ನಾವು ನೀವು. ರೋಮಿನ ಹೊಸ ವಿಶ್ವಾಸಿಗಳಲ್ಲಿ ಕೆಲವರು ಯೆಹೂದ್ಯರನ್ನು ಕೀಳಾಗಿ ಕಾಣತೊಡಗಿದ್ದರು. ಅವರಿಗೆ ಎಚ್ಚರಿಕೆ ಅದು. ಯಾರ ಬೇರಿನ ನೀರು ಕುಡಿದು ಚಿಗುರಿದ್ದೀರೋ ಅವರ ಮೇಲೆ ಜಂಬ ಬೇಡ ಎಂಬುದು ಅದರ ತಾತ್ಪರ್ಯ.

ಯೂರೋಪು ಆ ಎಚ್ಚರಿಕೆಯನ್ನು ಮರೆಯಿತು. ಪೌಲನ ಪತ್ರಗಳನ್ನೇ ಕೈಯಲ್ಲಿ ಹಿಡಿದು ಯೆಹೂದ್ಯರನ್ನು ಶತಮಾನಗಟ್ಟಲೆ ಹೀಯಾಳಿಸಿದರು, ಊರು ಬಿಡಿಸಿದರು. ಅದೇ ಯೂರೋಪಿನಲ್ಲಿ ಇಪ್ಪತ್ತನೆಯ ಶತಮಾನದಲ್ಲಿ ಸುಮಾರು ಅರವತ್ತು ಲಕ್ಷ ಯೆಹೂದ್ಯರ ಕೊಲೆಯಾಯಿತು. 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಯೆಹೂದ್ಯರ ಬಗ್ಗೆ ತನ್ನ ನಿಲುವನ್ನು ತಿದ್ದಿಕೊಂಡು ಘೋಷಣೆ ಹೊರಡಿಸಿದಾಗ ಮತ್ತೆ ನೆನೆದದ್ದು ಪೌಲನ ಇದೇ ಎಣ್ಣೆಮರವನ್ನು. ನನ್ನ ಪ್ರಕಾರ ಎಷ್ಟೋ ತಡವಾಗಿ.

ದುಬ್ವಾ ಅವರ ಕಡೆ ಮತ್ತೊಮ್ಮೆ ತಿರುಗಿ ನೋಡುತ್ತೇನೆ. ಹಿಂದೂಗಳ ಆಚಾರ ವ್ಯವಹಾರಗಳ ಬಗ್ಗೆ ಅವರ ಹೆಸರಿನಲ್ಲಿರುವ ದೊಡ್ಡ ಗ್ರಂಥ 1816ರಲ್ಲಿ ಇಂಗ್ಲಿಷಿನಲ್ಲಿ ಬಂತು. ಅದರ ಬಹುಭಾಗ ಅವರಿಗಿಂತ ಹಿಂದಿನ ಜೆಸ್ವಿಟ್ ಪಾದ್ರಿ ಕೇರ್ದೂ ಅವರ ಬರಹದಿಂದ ಎತ್ತಿದ್ದೆಂದು ಸಿಲ್ವಿಯಾ ಮೂರ್ 1987ರಲ್ಲಿ ತೋರಿಸಿಕೊಟ್ಟರು. 1823ರ ಜನವರಿಯಲ್ಲಿ ದುಬ್ವಾ ಫ್ರಾನ್ಸಿಗೆ ಹೊರಟರು. ಭಾರತದಲ್ಲಿ ಕ್ರೈಸ್ತ ಧರ್ಮದ ಸ್ಥಿತಿಯ ಬಗ್ಗೆ ಅವರು ಬರೆದ ಪತ್ರಗಳು ಅದೇ ವರ್ಷ ಲಂಡನ್ನಿನಲ್ಲಿ ಅಚ್ಚಾದವು. ಈ ಜನ ಕ್ರೈಸ್ತರಾಗುವ ಆಸೆಯೇ ಇಲ್ಲವೆಂಬ ನಿರಾಶೆ ಆ ಪತ್ರಗಳ ತುಂಬ. ಮೂವತ್ತು ವರ್ಷ ನಮ್ಮವರಂತೆ ಉಟ್ಟು ಉಂಡ ಮನುಷ್ಯ ಅವರು, ಅವರ ಬಗ್ಗೆ ನನಗೆ ಗೌರವವಿದೆ. ಆದರೂ ಆ ಪತ್ರಗಳು ಯೂರೋಪಿನವರಿಗೆ ಬರೆದವು, ನಮ್ಮ ಬಗ್ಗೆ ಬರೆದವು. ನಮಗೆ ಬರೆದವಲ್ಲ. ಪೌಲ ಕೊರಿಂಥದವರ ಬಗ್ಗೆ ಬೇರೆ ಯಾರಿಗೋ ದೂರು ಬರೆಯಲಿಲ್ಲ. ಕೊರಿಂಥದವರಿಗೇ ಬರೆದ, ಬೈದ, 'ಸಹೋದರರೇ' ಅಂದ. ದುಬ್ವಾ ಹಾಸನದ ಹತ್ತಿರ ಸತ್ತಿಹಳ್ಳಿಯಲ್ಲಿ ಬೇಸಾಯಕ್ಕೆ ಕೂರಿಸಿದ ಕುಟುಂಬಗಳ ಊರು ಮಾತ್ರ ಅವರ ನಿರಾಶೆಯನ್ನೂ ದಾಟಿ ಉಳಿದಿದೆ.

ಇಲ್ಲಿ ಇನ್ನೊಂದು ಕಸಿಯನ್ನೂ ನೆನೆಯುತ್ತೇನೆ. ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಮನೆತನದ ಬಿ.ಎಂ. ಶ್ರೀಕಂಠಯ್ಯನವರು, ಇಂಗ್ಲೆಂಡಿನ ಪಾದ್ರಿ ನ್ಯೂಮನ್ ಕಡಲ ಪ್ರಯಾಣದಲ್ಲಿ ಬರೆದ ಬೆಳಕಿನ ಪ್ರಾರ್ಥನೆಯನ್ನು ಕನ್ನಡಕ್ಕೆ ತಂದರು. 'ಇಂಗ್ಲಿಷ್ ಗೀತಗಳು' ಸಂಕಲನದಲ್ಲಿದೆ. ನಮ್ಮ ಶಾಲೆಗಳಲ್ಲಿ ಮಕ್ಕಳು ಅದನ್ನು ಬೆಳಗಿನ ಪ್ರಾರ್ಥನೆಯಾಗಿ ಹಾಡುತ್ತಾರೆ. ಹಾಡುವಾಗ ಯಾವ ಮಗುವೂ ತನ್ನ ಮನೆಯ ದೇವರನ್ನು ಹೊರಗೆ ಬಿಟ್ಟು ಬಂದಿರುವುದಿಲ್ಲ.

ರೋಮಾಪುರದವರ ಪತ್ರದ ಕೊನೆಯ ಅಧ್ಯಾಯವನ್ನು ಬಹಳ ಜನ ಓದದೆ ಬಿಡುತ್ತಾರೆ. ಬರೀ ಹೆಸರುಗಳು. ನನಗೆ ಅದೇ ಇಷ್ಟ. ಪತ್ರ ಹೊತ್ತು ಹೊರಟವಳು ಕೆಂಖ್ರೆಯ ಫೊಯಿಬೆ ಎಂಬ ಹೆಂಗಸು. ಅವಳನ್ನು ಚೆನ್ನಾಗಿ ನೋಡಿಕೊಳ್ಳಿ ಅಂತ ಮೊದಲು ಹೇಳುತ್ತಾನೆ. ಆಮೇಲೆ ಇಪ್ಪತ್ತಕ್ಕೂ ಹೆಚ್ಚು ಜನರನ್ನು ಹೆಸರು ಹಿಡಿದು ಕೇಳುತ್ತಾನೆ. ಜೊತೆಯಲ್ಲಿ ಗುಡಾರ ಹೊಲಿದ ಪ್ರಿಸ್ಕ ಮತ್ತು ಅಕ್ವಿಲ, ತನ್ನ ಸ್ವಜನರಾದ ಅಂದ್ರೊನಿಕ, ಯೂನ್ಯ, ಹೆರೊಡಿಯೋನ. ಅವರ ನಡುವೆಯೇ ಗುಲಾಮರಿಗೆ ಇಡುತ್ತಿದ್ದಂಥ ಹೆಸರುಗಳು. ಯೆಹೂದ್ಯರು ಒಂದು ಕಡೆ, ಅನ್ಯಜನರು ಇನ್ನೊಂದು ಕಡೆ ಅಂತ ಬೇರೆ ಮಾಡಿಲ್ಲ. ನಮ್ಮ ದೊಡ್ಡವ್ವನಿಗೂ ಕಾಗದದ ಕೊನೆ ಬಂದಾಗಲೇ ಆತುರ. ಅಂಚಿನಲ್ಲಿ, ಮಡಿಸುವ ಪಟ್ಟಿಯಲ್ಲಿ, ಎಲ್ಲಾದರೂ ಜಾಗ ಮಾಡಿ ಬರಿ ಎನ್ನುತ್ತಿದ್ದರು. ಭದ್ರಾವತಿಯಲ್ಲಿ ಮಗನಿಗೆ ಬಾಡಿಗೆ ಮನೆ ಕೊಟ್ಟು, ಜ್ವರ ಬಂದಾಗ ಗಂಜಿ ಕಾಯಿಸಿ ಕೊಟ್ಟಿದ್ದ ಮುದುಕಿಯೊಬ್ಬರಿದ್ದರು. “ಅವರ ಹೆಸರೇನೋ ಕಾಣೆ ಕಣ್ ಮಗ. ಆ ಮನೆ ಅವ್ವನಿಗೂ ನನ್ನ ಶರಣು ಅಂತ ಬರಿ.” ಪೌಲನ ಪಟ್ಟಿಯ ನಡುವೆಯೂ ಒಬ್ಬ ಹೆಂಗಸಿದ್ದಾಳೆ. ಅವಳ ಹೆಸರು ಬರೆದಿಲ್ಲ. ರೂಫನ ತಾಯಿ ಎಂದಷ್ಟೇ ಹೇಳಿ, ಅವಳು ತನಗೂ ತಾಯಿ ಎಂದು ಸೇರಿಸಿ, ಅವಳಿಗೂ ವಂದನೆ ತಿಳಿಸಿದ್ದಾನೆ.